ಕೃತಜ್ಞತೆಯ ಅಂಕಣದಲ್ಲಿ ಲವೋನ್ ಹೆಸರು

ವಾರಪತ್ರಿಕೆ ಬರುವುದು ಗುರುವಾರ. ಆ ಗುರುವಾರ ಟಪಾಲಿನವನು ಬಂದುಹೋಗುವ ಹೊತ್ತಿಗೆ ಲವೋನ್ ಟ್ರಿಂಬಲ್ ಇಪ್ಪತ್ತು ಪೌಂಡು ಆಲೂಗಡ್ಡೆ ಬೇಯಿಸಿ ಅರ್ಧದಷ್ಟರ ಸಿಪ್ಪೆ ಸುಲಿದಿದ್ದಳು. ಮಾರನೆಯ ದಿನ ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯ ದಿನ, ಕೋರ್ಟಿನ ಮುಂದಿನ ಹುಲ್ಲಂಗಳದಲ್ಲಿ ಊರಿಗೆಲ್ಲ ಊಟ. ಪ್ರತಿ ವರ್ಷ ಅಲ್ಲಿ ಅವಳ ಗಂಡ ಡಾರೆಲ್ ಮೈಕಿನ ಮುಂದೆ ನಿಂತು ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಓದುತ್ತಿದ್ದ. ಪ್ರತಿ ವರ್ಷ ಅವಳು ನೂರು ಜನಕ್ಕಾಗುವಷ್ಟು ಆಲೂಗಡ್ಡೆ ಸಲಾಡ್ ಮಾಡುತ್ತಿದ್ದಳು. ಅವನ ಹೆಸರು ಕಾರ್ಯಕ್ರಮದ ಪಟ್ಟಿಯಲ್ಲಿ ಅಚ್ಚಾಗುತ್ತಿತ್ತು. ಸಲಾಡಿಗೆ ಹೆಸರಿರಲಿಲ್ಲ. ಆದರೆ ಉಪ್ಪು ಕಡಿಮೆಯಾದರೆ ಯಾರನ್ನು ಕೇಳಬೇಕೆಂದು ಎಲ್ಲರಿಗೂ ಗೊತ್ತಿತ್ತು.

ಕೈ ಒರೆಸಿಕೊಂಡು ಪತ್ರಿಕೆ ಬಿಡಿಸಿದಳು. ಮೊದಲು ಸತ್ತವರ ಸುದ್ದಿ, ಆಮೇಲೆ ಕೃತಜ್ಞತೆಯ ಅಂಕಣ. ಆ ಸೀಮೆಯಲ್ಲಿ ಎಲ್ಲ ಹೆಂಗಸರೂ ಓದುವುದು ಅದೇ ಕ್ರಮದಲ್ಲಿ. ಮಣ್ಣಿಗೆ ಬಂದವರಿಗೆ, ಆಸ್ಪತ್ರೆಗೆ ಹೂವು ತಂದವರಿಗೆ, ಕೊಯ್ಲಿನ ಹೊತ್ತಿಗೆ ಕಾಲು ಮುರಿದುಕೊಂಡವನ ಜೋಳ ಕೊಯ್ದುಕೊಟ್ಟವರಿಗೆ, ಎಲ್ಲರಿಗೂ ಪತ್ರಿಕೆಯಲ್ಲೇ ಧನ್ಯವಾದ ಹೇಳಬೇಕು. ಹೇಳದಿದ್ದರೆ ಆ ಮನೆಗೆ ಮರ್ಯಾದೆ ಗೊತ್ತಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ.

ಮೂರನೆಯ ಧನ್ಯವಾದದಲ್ಲಿ ಅವಳ ಹೆಸರಿತ್ತು.

'ಜೂನ್ ಇಪ್ಪತ್ತೊಂದರಂದು ನಮ್ಮ ಮನೆಯಲ್ಲೇ ನನ್ನ ಮೊಮ್ಮಗನನ್ನು ಈ ಲೋಕಕ್ಕೆ ಬರಮಾಡಿಕೊಂಡು, ಎರಡು ದಿನ ಸೊಸೆಯ ಪಕ್ಕದಿಂದ ಏಳದೆ ಕೂತಿದ್ದ ಲವೋನ್ ಟ್ರಿಂಬಲ್ ಅವರ ಕೈಗಳಿಗೆ ದೇವರು ಒಳ್ಳೆಯದು ಮಾಡಲಿ. ಓಪಲ್ ಕ್ರೀಡ್ ಮತ್ತು ಮನೆಯವರು.'

ಒಲೆಯ ಮೇಲೆ ಮೊಟ್ಟೆಗಳು ಕುದಿಯುತ್ತಿದ್ದವು. ಲವೋನ್ ಅದೇ ಸಾಲುಗಳನ್ನು ನಾಲ್ಕು ಸಲ ಓದಿದಳು. ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಅದು ಎರಡು ಸಾವಿರದ ಮೂರನೆಯ ಇಸವಿ. ಮಿಸ್ಸೌರಿ ರಾಜ್ಯದಲ್ಲಿ ಡಾಕ್ಟರಾಗಲಿ ನರ್ಸಾಗಲಿ ಅಲ್ಲದ ಹೆಂಗಸು ಹೆರಿಗೆ ಮಾಡಿಸಿದರೆ ಅದು ಕಳ್ಳತನ, ದರೋಡೆಗಳ ಸಾಲಿಗೆ ಸೇರುವ ಅಪರಾಧ. ಏಳು ವರ್ಷದವರೆಗೆ ಜೈಲಾಗಬಹುದು. ಲವೋನ್ ಇಪ್ಪತ್ತಮೂರು ವರ್ಷದಿಂದ ಸೂಲಗಿತ್ತಿ. ಅಷ್ಟು ವರ್ಷವೂ ಅವಳ ಹೆಸರು ಒಂದೇ ಒಂದು ಕಾಗದದ ಮೇಲೆ ಬಂದಿರಲಿಲ್ಲ. ಜನನ ನೋಂದಣಿಯಲ್ಲಿ 'ಹೆರಿಗೆ ಮಾಡಿಸಿದವರು' ಎಂಬಲ್ಲಿ ಮಗುವಿನ ತಂದೆ ತನ್ನ ಹೆಸರನ್ನೇ ಬರೆಯುತ್ತಿದ್ದ. ನೋವು ಶುರುವಾದ ಮನೆಯಿಂದ ಫೋನ್ ಬಂದರೆ, "ಕೌದಿ ಹೊಲಿಯೋಕೆ ಬರ್ತೀಯಾ?" ಎಂದಷ್ಟೇ ಕೇಳುತ್ತಿದ್ದರು. ಇಡೀ ಕೌಂಟಿಗೆ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಬಿಗಿದ ಬಾಯಿಗಳ ನೆರಳಿನಲ್ಲಿ ಅವಳು ಬದುಕಿದ್ದಳು.

ಇಪ್ಪತ್ತು ನಿಮಿಷ ಕಾರು ಓಡಿಸಿದರೆ ಮಿಸ್ಸೌರಿ ನದಿಯ ಸೇತುವೆ. ದಾಟಿದರೆ ಕ್ಯಾನ್ಸಾಸ್. ಅಲ್ಲಿ ಇದೇ ಕೆಲಸ ಅಪರಾಧವಲ್ಲ. ತಡೆದುಕೊಳ್ಳಲು ಆಗುವವರು ನೋವು ತಿನ್ನುತ್ತಲೇ ಸೇತುವೆ ದಾಟಿ, ಆ ದಡದ ಲಾಡ್ಜಿನಲ್ಲಿ ಹಡೆದು ಬರುತ್ತಿದ್ದರು. ಜುಲೈ ಬಂತೆಂದರೆ ಆ ದಡದ ಗಂಡಸರು ಪಟಾಕಿ ಕೊಳ್ಳಲು ಈ ದಡಕ್ಕೆ ಬರುತ್ತಿದ್ದರು, ಇಲ್ಲಿ ಎಂಥ ಪಟಾಕಿಯನ್ನು ಬೇಕಾದರೂ ಮಾರಬಹುದೆಂದು.

ಮೊಟ್ಟೆಯ ಒಲೆ ಆರಿಸಿ, ಆಲೂಗಡ್ಡೆಗೆ ಬಟ್ಟೆ ಮುಚ್ಚಿ, ಲವೋನ್ ಕಾರು ಹತ್ತಿದಳು.

ಓಪಲ್ ಕ್ರೀಡ್ ಎಪ್ಪತ್ತನಾಲ್ಕರ ಮುದುಕಿ. ಹಿಂಬದಿ ಜಗಲಿಯಲ್ಲಿ ಕೂತು ಬೀನ್ಸ್ ಮುರಿಯುತ್ತಿದ್ದಳು. ಲವೋನ್‌ಳನ್ನು ಕಂಡು ಮುಖ ಅರಳಿತು.

"ನೋಡ್ದೇನೇ ಪೇಪರು? ಎರಡನೇ ಸಾಲಲ್ಲಿ ದೇವರನ್ನ ಹಾಕ್ಲೋ ಕೊನೇಲಿ ಹಾಕ್ಲೋ ಅಂತ ಮೂರು ದಿನ ಒದ್ದಾಡ್ದೆ ಕಣೇ."

"ಮಿಸೆಸ್ ಕ್ರೀಡ್, ನನ್ನ ಹೆಸರು ಯಾಕೆ ಹಾಕಿದ್ರಿ?"

"ಹೆಸರು ಹಾಕ್ದೆ ಥ್ಯಾಂಕ್ಸ್ ಹೇಳೋಕಾಗುತ್ತಾ? ನನ್ನ ಗಂಡ ಸತ್ತಾಗ ಕೋಳಿ ಹುರಿದು ತಂದೋರು ಹನ್ನೊಂದು ಜನ. ಹನ್ನೊಂದು ಹೆಸರೂ ಹಾಕ್ಸಿದ್ದೆ. ಬಾಯಿಗೆ ಇಡೋಕಾಗದ ಕೋಳಿ ತಂದೋಳ್ದೂ ಹಾಕ್ಸಿದ್ದೆ."

"ಇದು ಕೋಳಿ ಅಲ್ಲ. ಇದಕ್ಕೆ ನನ್ನನ್ನ ಜೈಲಿಗೆ ಹಾಕ್ತಾರೆ."

ಓಪಲ್‌ಳ ಕೈ ನಿಂತಿತು. "ಯಾರು ಹಾಕ್ತಾರೆ?"

"ಶೆರಿಫ್. ಸರ್ಕಾರಿ ವಕೀಲ. ನಿಮಗೆ ಗೊತ್ತಿರಲಿಲ್ವಾ?"

"ಸೂಲಗಿತ್ತಿತನ ಕಾನೂನಿಗೆ ಆಗ್ಬರಲ್ಲ ಅಂತ ಗೊತ್ತು. ಸತ್ತೇಹೋದ ಹಳೇ ಕಾನೂನು ಅಂದ್ಕೊಂಡಿದ್ದೆ. ಭಾನುವಾರ ಅಂಗಡಿ ತೆಗೀಬಾರ್ದು ಅಂತ ಇತ್ತಲ್ಲ, ಹಂಗೆ." ಮುದುಕಿ ಬೀನ್ಸಿನ ಬುಟ್ಟಿಯನ್ನು ಪಕ್ಕಕ್ಕಿಟ್ಟಳು. "ನಾಳೆ ನಿನ್ನ ಗಂಡ ಓದ್ತಾನಲ್ಲ ಒಂದು ಕಾಗದ, ಅದಕ್ಕೆ ಸಹಿ ಹಾಕಿದ ಐವತ್ತಾರು ಮಂದಿ ಏನು ಆಸ್ಪತ್ರೇಲಿ ಹುಟ್ಟಿದ್ರಾ? ಒಬ್ಬೊಬ್ಬನ್ನೂ ಒಬ್ಬೊಬ್ಳು ಹೆಂಗಸು ಕೈಯಲ್ಲಿ ಹಿಡಿದಿರ್ತಾಳೆ."

"ಅದನ್ನ ಯಾರೂ ಬರೆದಿಟ್ಟಿಲ್ಲ, ಮಿಸೆಸ್ ಕ್ರೀಡ್. ನೀವು ಬರೆದ್ರಿ." ಲವೋನ್ ದನಿ ತಗ್ಗಿಸಿದಳು. "ಯಾರಾದ್ರೂ ಬಂದು ಕೇಳಿದ್ರೆ, ಬೀನ್ಸ್ ಕೊಡೋಕೆ ಬಂದಿದ್ಲು ಅನ್ನಿ. ಮಗು ತಾನಾಗೇ ಬಂತು ಅನ್ನಿ."

ಓಪಲ್ ಬುಟ್ಟಿಯಿಂದ ಒಂದು ಬೀನ್ಸ್ ತೆಗೆದು ಮತ್ತೆ ಅಲ್ಲೇ ಹಾಕಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ನಾನು ಸುಳ್ಳು ಹೇಳಲ್ಲ ಲವೋನ್. ಹೇಳೋಕೇ ಬರಲ್ಲ. ಹೇಳಿದ್ರೆ ಕತ್ತೆಲ್ಲ ಕೆಂಪಾಗುತ್ತೆ. ನೀನು ಬೇರೆ ಏನಾದ್ರೂ ಕೇಳು, ಕೊಡ್ತೀನಿ."

ಬೇರೆ ಕೇಳುವುದೇನೂ ಇರಲಿಲ್ಲ. ಹೊರಡುವಾಗ ಓಪಲ್ ಒಂದು ಚೀಲ ಬೀನ್ಸ್ ಕೈಗೆ ಹಾಕಿದಳು. ದಾರಿಯಲ್ಲಿ ಎದುರಾದ ಪ್ರತಿಯೊಂದು ಕಾರಿನ ತಲೆಯ ಮೇಲೂ ಕೆಂಪು ದೀಪ ಇದೆಯೇ ಎಂದು ಲವೋನ್ ನೋಡುತ್ತ ಬಂದಳು. ಮನೆಗೆ ಬಂದು ಉಳಿದ ಆಲೂಗಡ್ಡೆಯ ಸಿಪ್ಪೆ ಸುಲಿದಳು. ಭಯವಾಯಿತೆಂದು ನೂರು ಜನರ ಸಲಾಡ್ ನಿಲ್ಲುವುದಿಲ್ಲ.

ಶುಕ್ರವಾರ ಮೋಡವಿಲ್ಲದ ಬಿಸಿಲು. ಹುಲ್ಲಂಗಳದ ಉದ್ದನೆಯ ಮೇಜುಗಳ ಹಿಂದೆ ಹೆಂಗಸರು ನಿಂತು ಬಡಿಸುತ್ತಿದ್ದರು. ಗಂಡಸರು ಮಡಚುವ ಕುರ್ಚಿಗಳಲ್ಲಿ ಕೂತು ಎಂದಿನಂತೆ ಯಾವ ರಾಜ್ಯದಲ್ಲಿ ಹೆಚ್ಚು ಸ್ವಾತಂತ್ರ್ಯ ಎಂದು ತೂಗುತ್ತಿದ್ದರು.

"ಪೂರ್ವದ ಕಡೆಯೋರು ಸಿಗರೇಟಿಗೆ ಹಾಕೋ ತೆರಿಗೆ ನೋಡಿದ್ಯಾ? ಅದಕ್ಕೇನಾ ಅವರ ಮುತ್ತಜ್ಜಂದಿರು ಇಂಗ್ಲೆಂಡಿನ ರಾಜನ ಮೇಲೆ ಗುಂಡು ಹಾರಿಸಿದ್ದು?"

"ನಮ್ಮಲ್ಲೂ ಪಿಸ್ತೂಲು ಜೇಬಲ್ಲಿ ಇಟ್ಕೊಳ್ಳೋಕೆ ಬಿಡಲ್ವಲ್ಲ ಇನ್ನೂ."

"ಬರುತ್ತೆ, ಅದೂ ಬರುತ್ತೆ. ಒಟ್ಟಿನಲ್ಲಿ ನಮ್ಮದು ನಮ್ಮ ಪಾಡಿಗೆ ನಮ್ಮನ್ನ ಬಿಡೋ ರಾಜ್ಯ ಕಣಯ್ಯ."

ಲವೋನ್ ಸೌಟು ಹಿಡಿದು ನಿಂತಿದ್ದಳು. ಸಾಲಿನಲ್ಲಿ ಬಂದ ಹೆಂಗಸರು ಅವಳ ಮುಖ ನೋಡದೆ ತಟ್ಟೆ ಚಾಚಿದರು. ಅವರಲ್ಲಿ ಒಂಬತ್ತು ಮಂದಿಯ ಮಕ್ಕಳನ್ನು ಅವಳು ಹಿಡಿದಿದ್ದಳು. ಎಲ್ಲರೂ ಪತ್ರಿಕೆ ಓದಿದ್ದರು. ಹಾಗೆ ನೋಡದಿರುವುದೇ ಅವರ ದಯೆ ಎಂದು ಅವಳಿಗೆ ಗೊತ್ತಿತ್ತು. ಆದರೂ ತಾನು ಆಗಲೇ ಅಲ್ಲಿಲ್ಲವೇನೋ ಎನ್ನಿಸಿತು.

ಸಾಲಿನ ಕೊನೆಯಲ್ಲಿ ಸರ್ಕಾರಿ ವಕೀಲ ರಸೆಲ್ ಪೆಂಬರ್ ಬಂದ. ಅಲ್ಲಿ ಸರ್ಕಾರಿ ವಕೀಲನನ್ನೂ ಜನರೇ ಓಟು ಹಾಕಿ ಆರಿಸುತ್ತಾರೆ, ಇವನು ಮತ್ತೆ ಚುನಾವಣೆಗೆ ನಿಲ್ಲುವವನಿದ್ದ.

"ಸಲಾಡ್ ಪ್ರತಿ ವರ್ಷದ ಹಾಗೇ ಚೆನ್ನಾಗಿದೆ, ಮಿಸೆಸ್ ಟ್ರಿಂಬಲ್." ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದ. "ಈ ವಾರದ ಪೇಪರ್ ಓದ್ದೆ. ನಮ್ಮ ಡಾಕ್ಟರುಗಳೂ ಓದಿದ್ದಾರೆ."

ಲವೋನ್‌ಳ ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು. ಅವನು ಕಾಗದದ ಕರವಸ್ತ್ರ ಒಂದನ್ನು ಎಳೆದುಕೊಂಡು ಹೊರಟುಹೋದ.

ಡಾರೆಲ್ ಇಸ್ತ್ರಿಯಾದ ಬಿಳಿ ಅಂಗಿ ತೊಟ್ಟು ಮೈಕಿನ ಮುಂದೆ ನಿಂತ. ಅವನದು ಒಳ್ಳೆಯ ಕಂಠ. ಹುಟ್ಟುವ ಎಲ್ಲರೂ ಸಮಾನರು, ಬದುಕುವ ಹಕ್ಕು, ಸ್ವತಂತ್ರರಾಗಿರುವ ಹಕ್ಕು, ಎಲ್ಲವನ್ನೂ ಓದಿದ. ಆಮೇಲೆ ರಾಜನ ಮೇಲಿನ ದೂರುಗಳ ಉದ್ದ ಪಟ್ಟಿ. ಮೂವತ್ತು ವರ್ಷದಿಂದ ಆ ಪಟ್ಟಿ ಬರುವ ಹೊತ್ತಿಗೆ ಲವೋನ್ ಖಾಲಿ ಪಾತ್ರೆಗಳನ್ನು ಕಾರಿಗೆ ಹೊರುತ್ತಿದ್ದಳು. ಈ ಸಲ ಕಾಲು ಏಳಲಿಲ್ಲ, ನಿಂತು ಕೇಳಿದಳು. ಜನರನ್ನು ಕಾಡಲೆಂದು ರಾಜ ಅಧಿಕಾರಿಗಳ ಹಿಂಡನ್ನೇ ಕಳಿಸಿದ ಎಂಬ ದೂರು ಬಂದಾಗ ಎಲ್ಲರೂ ತಲೆದೂಗಿದರು. ರಸೆಲ್ ಪೆಂಬರ್ ಕೂಡ ತಲೆದೂಗಿದ.

ಶನಿವಾರ ಬೆಳಗ್ಗೆ ಶೆರಿಫನ ಸಹಾಯಕ ಲೈಲ್ ಸ್ಟಾಗ್ಸ್ ಬಂದ. ಟೋಪಿ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತ. ಅವನು ಹೈಸ್ಕೂಲಿನಲ್ಲಿದ್ದಾಗ ಲವೋನ್ ಶಾಲೆಯ ಊಟದ ಮನೆಯಲ್ಲಿ ಬಡಿಸುತ್ತಿದ್ದಳು.

"ಮಿಸೆಸ್ ಕ್ರೀಡ್ ಹತ್ರ ನಿನ್ನೆ ಸಂಜೆ ಹೋಗಿದ್ದೆ," ಎಂದ. "ಹಣ್ಣಿನ ಪೈ ಕೊಟ್ರು. ಎಲ್ಲ ಹೇಳಿದ್ರು. ಎಷ್ಟೊತ್ತಿಗೆ ಬಂದ್ರಿ, ಮಗು ಎಷ್ಟೊತ್ತಿಗೆ ಬಂತು, ಎಲ್ಲ. ಹೇಳ್ತಾ ಹೇಳ್ತಾ ಅತ್ತರು."

"ಈಗಲೇ ಕರ್ಕೊಂಡು ಹೋಗ್ತೀಯಾ ಲೈಲ್?"

"ಇಲ್ಲ ಇಲ್ಲ. ಸರ್ಕಾರಿ ವಕೀಲರು ಈ ಕಾಗದ ಕಳಿಸಿದ್ದಾರೆ. ಸೋಮವಾರ ಮಧ್ಯಾಹ್ನದೊಳಗೆ ಸಹಿ ಹಾಕಿದ್ರೆ ಕೇಸು ಇಲ್ಲ. ಹಾಕ್ದೇ ಇದ್ರೆ ವಾರಂಟು." ಅವನ ಕಣ್ಣು ನೆಲದ ಮೇಲಿತ್ತು. "ಸಹಿ ಹಾಕ್ಬಿಡಿ ಮಿಸೆಸ್ ಟ್ರಿಂಬಲ್. ನನ್ನ ಕೈಲಿ ಆ ಕೆಲಸ ಮಾಡಿಸ್ಬೇಡಿ."

ಕಾಗದದಲ್ಲಿ ಎರಡು ಷರತ್ತಿದ್ದವು. ಇನ್ನು ಮುಂದೆ ಯಾವ ಹೆರಿಗೆಗೂ ಹೋಗುವುದಿಲ್ಲ ಎಂದು ಒಪ್ಪಬೇಕು. ಜೊತೆಗೆ, ಇದುವರೆಗೆ ಹೆರಿಗೆ ಮಾಡಿಸಿದ ಎಲ್ಲ ತಾಯಂದಿರ ಹೆಸರು, ವಿಳಾಸ ಬರೆದುಕೊಟ್ಟು, ದಾಖಲೆ ಇಟ್ಟಿದ್ದರೆ ಒಪ್ಪಿಸಬೇಕು. ಕೆಳಗೆ ಸಾಲು ಸಾಲು ಖಾಲಿ ಗೆರೆ ಎಳೆದಿದ್ದರು.

ಅದನ್ನು ಡಾರೆಲ್ ಎರಡು ಸಲ ಓದಿದ, ಮೈಕಿಲ್ಲದೆ.

"ಹಾಕು," ಎಂದ. "ನಿನಗೆ ಐವತ್ಮೂರು. ಸಾಕು ಈ ಕೆಲಸ."

"ಬಿಡು ಅಂದ್ರೆ ಬಿಡ್ತೀನಿ. ಹೆಸರು ಹೇಗೆ ಬರೀಲಿ?"

"ಹೆಸರಿಂದ ಅವರಿಗೇನಾಗುತ್ತೆ? ಅವರ ಮೇಲೆ ಕೇಸಿಲ್ಲ."

"ಎಲ್ಲ ಮನೆಗಳಲ್ಲೂ ಅಪ್ಪ ನೋಂದಣೀಲಿ ಸುಳ್ಳು ಬರೆದಿದ್ದಾನೆ, ಮಗೂನ ತಾನೇ ಹಿಡಿದೆ ಅಂತ. ಅವರನ್ನ ಬಿಡ್ತಾರಾ? ಮಕ್ಕಳ ಇಲಾಖೆಯೋರು ಮನೆ ಮನೆಗೆ ಬರ್ತಾರೆ. ಇಕ್ಕಟ್ಟಾದ ಟ್ರೈಲರ್ ಮನೇಲಿ ಏಳು ಮಕ್ಕಳನ್ನ ಇಟ್ಕೊಂಡಿರೋಳ ಬಾಗಿಲಿಗೆ ಅವರು ಬಂದ್ರೆ ಏನು ನೋಡ್ತಾರೆ ಡಾರೆಲ್? ಸಿಂಕು ನೋಡ್ತಾರೆ. ಮಂಚ ಎಷ್ಟಿದೆ ಅಂತ ಎಣಿಸ್ತಾರೆ. ಆಮೇಲೆ ಮಕ್ಕಳನ್ನ ಎತ್ಕೊಂಡು ಹೋಗ್ತಾರೆ."

"ಮತ್ತೆ ನನ್ನ ಮನೆ? ಜೈಲು, ವಕೀಲ, ಕೋರ್ಟು... ನನ್ನ ಗತಿ ಏನು ಅಂತ ಯೋಚನೆ ಮಾಡಿದ್ಯಾ?"

"ನಿನ್ನೆ ಓದಿದ್ಯಲ್ಲ," ಎಂದಳು ಲವೋನ್. ಚುಚ್ಚಬೇಕೆಂದು ಹೇಳಿದ್ದಲ್ಲ. "ಆ ಸಹಿ ಹಾಕಿದೋರೂ ಮನೆಮಠ ಪಣಕ್ಕಿಟ್ಟಿದ್ರಲ್ವಾ?"

"ಅವರು ದೇಶ ಕಟ್ತಿದ್ರು ಕಣೇ!" ಡಾರೆಲ್ ಮೇಜು ಗುದ್ದಿದ. "ನೀನು ಹೊಲಸು ಹಾಸಿಗೆ ಒಗೀತಿದ್ದೆ!"

ಅವನು ಎದ್ದು ಕೊಟ್ಟಿಗೆಯ ಕಡೆ ಹೋದ. ಅವನೂ ಹೆದರಿದ್ದಾನೆ ಎಂದು ಅವನ ನಡಿಗೆಯಲ್ಲೇ ಲವೋನ್‌ಗೆ ತಿಳಿಯಿತು. ಅವಳು ಬಾಗಿಲ ಚಿಲಕ ಹಾಕಿ, ಆಗಸ್ಟಿನಲ್ಲಿ ದಿನ ತುಂಬುವ ಇಬ್ಬರಿಗೆ ಫೋನ್ ಮಾಡಿದಳು. "ಕೌದಿ ಕೆಲಸ ಇನ್ನು ಇಲ್ಲಿ ಇಲ್ಲ. ನದಿ ಆಚೆ ನನಗೆ ಗೊತ್ತಿರೋಳು ಒಬ್ಬಳಿದ್ದಾಳೆ, ನಂಬರ್ ಬರ್ಕೋ. ಮೊದಲ ನೋವಿಗೇ ಹೊರಡು. ಕಾಯಬೇಡ." ಒಬ್ಬಳು ಏನೂ ಕೇಳದೆ ಬರೆದುಕೊಂಡಳು. ಇನ್ನೊಬ್ಬಳು, "ನಮ್ಮ ಕಾರು ಅಷ್ಟು ದೂರ ಹೋಗಲ್ವಲ್ಲ ಲವೋನ್," ಎಂದಳು. ಲವೋನ್ ಆ ನಂಬರನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿದಳು.

ಭಾನುವಾರ ಡಾರೆಲ್ ಚರ್ಚಿಗೆ ಒಬ್ಬನೇ ಹೋದ. ಲವೋನ್ ಹಿಟ್ಟಿನ ಡಬ್ಬಿಯ ಹಿಂದಿನಿಂದ ಎರಡು ನೋಟುಬುಕ್ಕು ತೆಗೆದಳು. ಹಿತ್ತಲಲ್ಲಿ ಕಸ ಸುಡುವ ತಗಡಿನ ಪೀಪಾಯಿ ಇತ್ತು, ಆ ಸೀಮೆಯ ಎಲ್ಲ ಮನೆಗಳ ಹಿಂದೆಯೂ ಇರುವಂಥದು. ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು.

ಒಂದೇ ಸಲಕ್ಕೆ ಎಸೆದುಬಿಡಬೇಕೆಂದುಕೊಂಡಿದ್ದಳು, ಆಗಲಿಲ್ಲ. ಒಂದೊಂದು ಹಾಳೆ ಹರಿದು, ಓದಿ, ಬೆಂಕಿಗೆ ಹಾಕಿದಳು. ನೂರ ಎಂಬತ್ತೇಳು ಹೆರಿಗೆ. ಪ್ರತಿ ಹಾಳೆಯಲ್ಲೂ ತಾಯಿಯ ಹೆಸರು, ಹೊತ್ತು, ಮಗುವಿನ ತೂಕ. ಕೊನೆಯ ಸಾಲಿನಲ್ಲಿ, ಆ ಮನೆಯ ಪಾತ್ರೆ ಯಾರು ತೊಳೆದರು ಎಂಬುದು. ಅದನ್ನು ಯಾಕೆ ಬರೆದಿಡಲು ಶುರುಮಾಡಿದಳೋ ಅವಳಿಗೇ ನೆನಪಿಲ್ಲ. ಬಹುಶಃ ಬಾಣಂತಿಯನ್ನು ಎಷ್ಟು ದಿನ ಮಲಗಲು ಬಿಡುತ್ತಾರೆ ಎಂಬುದು ಅದರಿಂದಲೇ ತಿಳಿಯುತ್ತದೆಂದು. 'ಪಾತ್ರೆ: ಅತ್ತೆ.' 'ಪಾತ್ರೆ: ಎಂಟು ವರ್ಷದ ಮಗಳು.' ಹೆಚ್ಚಿನವುಗಳಲ್ಲಿ, 'ಪಾತ್ರೆ: ನಾನು.' 'ಪಾತ್ರೆ: ಗಂಡ' ಎಂಬುದು ಆರು ಹಾಳೆಗಳಲ್ಲಿತ್ತು.

ನಾಲ್ಕು ಹಾಳೆಗಳ ಮೂಲೆಗೆ ಗುರುತಿತ್ತು. ಮೂವರನ್ನು ಆಸ್ಪತ್ರೆಗೆ ಸಾಗಿಸಿದ್ದಳು. ಒಂದು ಸಲ ಆಸ್ಪತ್ರೆಯ ದೀಪ ಕಂಡೊಡನೆ, ಅಲ್ಲಿಯವರೆಗೆ ಹಿಡಿದಿದ್ದ ಕೈ ಬಿಟ್ಟು, ಯಾರಿಗೂ ಕಾಣದ ಹಾಗೆ ಲವೋನ್ ಕಾರಿನಲ್ಲಿ ಬಗ್ಗಿ ಅಡಗಿ ಕೂರಬೇಕಾಗಿತ್ತು. ನಾಲ್ಕನೆಯದು ಉಸಿರಾಡದ ಮಗು. ಆ ತಾಯಿಗೆ ಒಂದು ಇಡೀ ಹಗಲು ಅದನ್ನು ಮಡಿಲಲ್ಲಿಟ್ಟುಕೊಳ್ಳಲು ಬಿಟ್ಟಿದ್ದಳು ಲವೋನ್. ಆಸ್ಪತ್ರೆಯಲ್ಲಿ ಬಿಡುತ್ತಿರಲಿಲ್ಲ ಎಂದು ಆ ತಾಯಿ ವರ್ಷ ವರ್ಷವೂ ಹೇಳುತ್ತಿದ್ದಳು. ಆ ಹಾಳೆಯನ್ನು ಹಾಕುವಾಗ ಕೈ ಸುಟ್ಟಿತು.

ಆಸ್ಪತ್ರೆ ಎಂದರೆ ಏನೆಂದು ಅವಳು ಬಲ್ಲಳು. ಹತ್ತೊಂಬತ್ತು ವರ್ಷವಿದ್ದಾಗ ಮೊದಲ ಮಗಳನ್ನು ಹಡೆದದ್ದು ಅಲ್ಲೇ. ಎರಡೂ ಮುಂಗೈಗಳನ್ನು ಮಂಚಕ್ಕೆ ಚರ್ಮದ ಪಟ್ಟಿಯಿಂದ ಬಿಗಿದಿದ್ದರು. ಗುರುತು ಉಳಿಯದಿರಲೆಂದು ಪಟ್ಟಿಯ ಒಳಮೈಗೆ ಕುರಿಯ ಉಣ್ಣೆ ಹೊಲಿದಿತ್ತು. ಸೂಜಿ ಚುಚ್ಚಿದ ಮೇಲೆ ಏನಾಯಿತೋ ಗೊತ್ತಿಲ್ಲ. ಎಚ್ಚರವಾದಾಗ ಹೊಟ್ಟೆ ಖಾಲಿಯಾಗಿತ್ತು, ಮಗು ಗಾಜಿನ ಆಚೆ ಇತ್ತು. ಎರಡನೆಯದನ್ನು ಮನೆಯಲ್ಲಿ, ಸೂಲಗಿತ್ತಿಯಾಗಿದ್ದ ಚಿಕ್ಕಮ್ಮ ನೀವಾಳ ಕೈಯಲ್ಲಿ ಹಡೆದಳು. ಕಿರುಚಿದಳು, ನಡೆದಾಡಿದಳು, ಯಾರೂ ಕಟ್ಟಿಹಾಕಲಿಲ್ಲ. ಆಮೇಲೆ ನೀವಾಳ ಹಿಂದೆಯೇ ಬೇರೆಯವರ ಹೆರಿಗೆಗಳಿಗೆ ಹೋಗಲು ಶುರುಮಾಡಿದಳು. ಮೊದಲ ವರ್ಷ ಬರೀ ನೀರು ಕಾಯಿಸಿ, ಬಟ್ಟೆ ಒಗೆದಳು. ಹಾಸಿಗೆಯ ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ಒವನ್ನಿನಲ್ಲಿಡುವುದು, ಪಕ್ಕದಲ್ಲಿ ಒಂದು ಆಲೂಗಡ್ಡೆ ಇಟ್ಟು ಅದು ಬೆಂದರೆ ಬಟ್ಟೆಯೂ ಶುದ್ಧವಾಯಿತೆಂದು ತೆಗೆಯುವುದು, ಇವೇ ಪಾಠ. ಹೆರಿಗೆ ಮಾಡಿಸುವುದೆಂದರೆ ಮುಕ್ಕಾಲು ಪಾಲು ಮನೆಗೆಲಸ ಎನ್ನುತ್ತಿದ್ದಳು ನೀವಾ. ಉಳಿದ ಕಾಲು ಪಾಲು ಹೆದರಿಕೆಯನ್ನು ಮುಖದ ಮೇಲೆ ತೋರಿಸದಿರುವುದು.

ಎರಡನೆಯ ನೋಟುಬುಕ್ಕಿನ ನಡುವೆ ಇದ್ದಾಗ ಡಾರೆಲ್ ಬಂದು ಹಿಂದೆ ನಿಂತ. ಕೊರಳಲ್ಲಿ ಚರ್ಚಿನ ಟೈ ಇನ್ನೂ ಇತ್ತು.

"ಇದು ಸಾಕ್ಷಿ ನಾಶ," ಎಂದ. "ಇದಕ್ಕೇ ಬೇರೆ ಕೇಸು ಹಾಕ್ತಾರೆ."

"ಗೊತ್ತು."

"ಮತ್ತೆ?"

"ನನಗೆ ಹೆದರಿಕೆಯಾಗ್ತಿದೆ ಡಾರೆಲ್. ನೀನು ಮಾತಾಡಿದ್ರೆ ಕೈ ನಿಲ್ಲುತ್ತೆ. ಒಳಗೆ ಹೋಗು."

ಅವನು ಹೋಗಲೂ ಇಲ್ಲ, ಮಾತಾಡಲೂ ಇಲ್ಲ. ರಸ್ತೆಯ ಕಡೆ ಮುಖ ಮಾಡಿ ಜೇಬಿನಲ್ಲಿ ಕೈಯಿಟ್ಟು ನಿಂತ. ಒಂದು ಲಾರಿ ಹಾದುಹೋದಾಗ ಇಬ್ಬರೂ ಒಟ್ಟಿಗೇ ಬೆಚ್ಚಿದರು.

ಸೋಮವಾರ ಬೆಳಗ್ಗೆ ಅವಳು ಮನೆಯ ಹಾಸಿಗೆಗಳ ಬಟ್ಟೆಯನ್ನೆಲ್ಲ ಒಗೆದಳು. ಹನ್ನೊಂದೂವರೆಗೆ ಕೊನೆಯ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಚಿಮುಟ ಸಿಕ್ಕಿಸುತ್ತಿದ್ದಾಗ ಲೈಲ್‌ನ ಕಾರು ಬಂದು ನಿಂತಿತು. ಉಚ್ಚೆ ಹೋಗಿಬಿಡುತ್ತದೇನೋ ಎನಿಸಿ ತೊಡೆ ಬಿಗಿಹಿಡಿದು ನಿಂತಳು. ಎಷ್ಟೋ ಹೆಂಗಸರು ಹಾಗೆ ನಿಂತದ್ದನ್ನು ಕಂಡಿದ್ದಳು.

ಏಪ್ರನ್ನಿನ ಜೇಬಿನಿಂದ ಕಾಗದ ತೆಗೆದುಕೊಟ್ಟಳು. ಗೆರೆಗಳೆಲ್ಲ ಖಾಲಿ ಇದ್ದವು. ಸಹಿಯ ಜಾಗವೂ ಖಾಲಿ.

ಲೈಲ್ ಹಿಂದುಮುಂದು ತಿರುಗಿಸಿ ನೋಡಿದ. "ಮಿಸೆಸ್ ಟ್ರಿಂಬಲ್... ಒಂದು ಹತ್ತು ಹೆಸರಾದ್ರೂ?"

"ನೆನಪಿಲ್ಲ ಲೈಲ್."

"ನೋಟುಬುಕ್ಕು ಇದೆ ಅಂತ ಮಿಸೆಸ್ ಕ್ರೀಡ್ ಹೇಳಿದ್ರು."

"ಇತ್ತು. ಅವರು ಸುಳ್ಳು ಹೇಳಲ್ಲ."

ಅವನು ಪೀಪಾಯಿಯ ಕಡೆ ನೋಡಿದ. ಹತ್ತಿರ ಹೋಗಿ ಒಳಗೆ ಬಗ್ಗಿ ನೋಡಿದ. ವಾಪಸು ಬಂದ. "ಇದನ್ನೂ ನಾನು ಬರೀಬೇಕಾಗುತ್ತೆ. ವಾರಂಟು ಜೇಬಲ್ಲೇ ಇದೆ," ಎಂದ. ಬೇಡಿ ತೆಗೆದು, ನೋಡಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿದ. "ಊರೊಳಗೆ ಹೋಗೋವರೆಗೂ ಇದು ಬೇಡ. ಕೋರ್ಟಿನ ಹತ್ರ ಹಾಕ್ಲೇಬೇಕು, ಮಿಸ್ಟರ್ ಪೆಂಬರ್ ಕಿಟಕೀಲಿ ನೋಡ್ತಿರ್ತಾರೆ."

ಕಾರಿನ ಹಿಂಬದಿ ಬಾಗಿಲಿಗೆ ಒಳಗಡೆ ಹಿಡಿ ಇರಲಿಲ್ಲ. ಲೈಲ್ ಬಾಗಿಲು ಮುಚ್ಚಿದ. ಲವೋನ್ ತಾನು ಎಷ್ಟೋ ಮಂದಿಗೆ ಹೇಳಿಕೊಟ್ಟ ಹಾಗೆ ಬಾಯಿಂದ ನಿಧಾನ ಉಸಿರು ಬಿಟ್ಟಳು. ಕೆಲಸಕ್ಕೆ ಬರಲಿಲ್ಲ.

ಡಾರೆಲ್ ಮನೆಯೊಳಗಿಂದ ಓಡಿಬಂದ. ಲೈಲ್ ಹಿಂಬದಿ ಕಿಟಕಿಯನ್ನು ಒಂದು ಗೇಣು ಇಳಿಸಿದ. ಡಾರೆಲ್ ಗಾಜಿನ ಅಂಚು ಹಿಡಿದು ನಿಂತ. ಮೈಕಿನ ಮುಂದಿನ ಆ ಕಂಠ ಎಲ್ಲೋ ಹೋಗಿತ್ತು.

"ಹಗ್ಗದ ಮೇಲೆ ಬಟ್ಟೆ ಇದೆ," ಎಂದಳು ಲವೋನ್. "ಒಣಗಿದ ಮೇಲೆ ತೆಗೆದು ಮಡಚಿಡು."

ಅವನು ಹಿಂದಿರುಗಿ ಹಗ್ಗದ ಕಡೆ ನೋಡಿದ. ಗಾಳಿಗೆ ಉಬ್ಬುತ್ತಿದ್ದ ಆ ದೊಡ್ಡ ದೊಡ್ಡ ಬಟ್ಟೆಗಳನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಹೇಗೆ ಮಡಚೋದು?" ಎಂದು ಕೇಳಿದ. "ಲವೋನ್, ಒಬ್ಬನೇ ಹೇಗೆ ಮಡಚೋದು?"

ಅವಳು ಹೇಳಲು ಬಾಯಿ ತೆರೆದಳು. ಲೈಲ್ ಕಿಟಕಿ ಏರಿಸಿದ.